ಕೂಗುವ ಪೆಟ್ಟಿಗೆಯೂ ಋಣ ಮರುಊಡಿಕೆಯೂ

ಮೈಸೂರಿನಿಂದ ಬಂಡೀಪುರದ ಕಾಡಿಗೆ ಹೊರಟವರೆಲ್ಲರೂ ಗುಂಡ್ಲುಪೇಟೆಯನ್ನು ಹಾದು ಹೋಗತಕ್ಕವರೇ. ಆದರೆ ಅಲ್ಲಿ ಇಳಿದು ಎರಡು ದಿನ ನಿಲ್ಲುವವರು ಬಹಳ ಕಡಮೆ. ನನಗೆ ಆ ಊರಿನಲ್ಲಿ ಅಕ್ಕನ ಮನೆಯಿರುವುದರಿಂದ ನಿಲ್ಲುವ ಯೋಗ ಆಗಾಗ ಒದಗುತ್ತದೆ. ಕಳೆದ ಸಲ ಹೋದಾಗ ಮನೆಯ ನಡುವಂಕಣದಲ್ಲಿ ಒಂದು ಪೆಟ್ಟಿಗೆ ಕುಳಿತಿತ್ತು. ಅಕ್ಕನ ಮಗ ಅದರ ಮುಂದೆ ತಲೆಯ ಮೇಲೆ ಕೈಹೊತ್ತು ಕುಳಿತಿದ್ದ. ಅವನು ಗಿಟಾರು ನುಡಿಸುವವನು. ಪೆಟ್ಟಿಗೆ ಅವನ ವರ್ಧಕ. ಹಳೆಯ ಕಾಲದ ಗಾಜಿನ ವಾಲ್ವುಗಳಿಂದ ನಡೆಯತಕ್ಕದ್ದು. ಅದರ ಕೊನೆಯ ಟ್ರಾನ್ಸ್‌ಫಾರ್ಮರು ಸುಟ್ಟುಹೋಗಿತ್ತೆಂದು ಬೇರೊಂದು ಊರಿನಲ್ಲಿ ಹೊಸದಾಗಿ ಸುತ್ತಿಸಿ ತಂದಿದ್ದನಂತೆ. ಅಂದಿನಿಂದ ಗುಂಡಿ ಒತ್ತಿದ ಕೂಡಲೆ ಪೆಟ್ಟಿಗೆ ಕಿವಿಗಡಚಿಕ್ಕುವಂತೆ ಕೂಗುತ್ತದೆ. ಗಿಟಾರನ್ನು ಜೋಡಿಸದಿದ್ದರೂ ಕೂಗುತ್ತದೆ!

"ಮಾವ, ಶನಿವಾರ ಊಟಿಯಲ್ಲಿ ಕಚೇರಿ. ಇದು ಆಗುವುದಿಲ್ಲವೆಂದರೆ ಬಂದ ಬೆಲೆಗೆ ಕೊಟ್ಟುಬಿಡುತ್ತೇನೆ. ನೀವೇ ಒಂದು ಸಲ ನೋಡಿ" ಎಂದ.

ಬಂಡೀಪುರದ ದಾರಿಯಲ್ಲಿ ರಾತ್ರಿ 9 ಗಂಟೆಯಿಂದ ಬೆಳಿಗ್ಗೆ 6ರ ವರೆಗೆ ವಾಹನಸಂಚಾರಕ್ಕೆ 2009ರಿಂದ ನಿಷೇಧವುಂಟು. ಮೃಗಗಳ ಪಾಲಿಗೆ ಇದೊಂದು ದೊಡ್ಡ ಉಪಕಾರ. ಆದರೆ ಕಚೇರಿ ಒಪ್ಪಿಕೊಂಡ ಹುಡುಗನು ಲೆಕ್ಕಾಚಾರವಿಟ್ಟುಕೊಂಡೇ ಹೊರಡಬೇಕಾಗುತ್ತದೆ. ನಮಗೆ ಉಳಿದಿದ್ದುದು ಒಂದೂವರೆ ದಿನ.

ಆ ಒಂದೂವರೆ ದಿನದಲ್ಲಿ ಅವನಿಗೆ ನಾನು ಹೇಳಿಕೊಟ್ಟುದನ್ನೇ ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ಯಂತ್ರದ ಒಳಗನ್ನು ಎಂದೂ ನೋಡದವರಿಗೂ ಇದು ಸುಲಭವಾಗಿ ತಿಳಿಯಬೇಕು. ಏಕೆಂದರೆ ಇದರ ಒಂದು ಮುಖವನ್ನು ನೀವೆಲ್ಲರೂ ಕಿವಿಯಾರೆ ಕೇಳಿಯೇ ಇದ್ದೀರಿ. ಮದುವೆಯ ಚಪ್ಪರದಲ್ಲಿಯೋ ಸಭೆಯಲ್ಲಿಯೋ ಭಾಷಣಕಾರರು ಮೈಕಿನ ಮುಂದೆ ನಿಲ್ಲುತ್ತಲೇ "ಕೂಂ" ಎಂದು ಒಂದು ಶಿಳ್ಳೆ ಹೊರಡುತ್ತದೆಯಷ್ಟೆ. ಮೈಕು ಹಿಡಿದ ದನಿ ವರ್ಧಕದಲ್ಲಿ ದೊಡ್ಡದಾಗಿ ಹಾರನ್ನಿನಿಂದ ಹೊರಬೀಳುತ್ತದೆ, ಅದರಲ್ಲಿ ಒಂದಂಶ ತಿರುಗಿ ಮೈಕನ್ನೇ ಸೇರುತ್ತದೆ, ಮತ್ತೆ ದೊಡ್ಡದಾಗುತ್ತದೆ, ಮತ್ತೆ ಮೈಕಿಗೆ ಬರುತ್ತದೆ. ಕ್ಷಣಮಾತ್ರದಲ್ಲಿ ಯಾರೂ ಆಡದ ಮಾತು ಊರಿಗೆಲ್ಲ ಕೇಳುತ್ತದೆ. ಹೊರಬಂದುದರ ಒಂದು ಭಾಗವನ್ನು ಒಳಬಾಗಿಲಿಗೆ ಮತ್ತೆ ಉಣಿಸುವ ಈ ಕ್ರಿಯೆಗೆ ಮೈಕ್‌ಸೆಟ್ಟಿನವರು ಫೀಡ್‌ಬ್ಯಾಕ್ ಎನ್ನುತ್ತಾರೆ; ನಾನು ಮರುಊಡಿಕೆ ಎಂದು ಕರೆಯುತ್ತೇನೆ. ಹಿಂದಿರುಗಿದ ಅಂಶ ಮೂಲಕ್ಕೆ ಕೂಡಿಕೊಂಡರೆ ಅದು ಧನ ಮರುಊಡಿಕೆ. ಮೂಲದಿಂದ ಕಳೆಯುವಂತೆ ತಲೆಕೆಳಗಾಗಿ ಬಂದರೆ ಋಣ ಮರುಊಡಿಕೆ. ಇಲ್ಲಿ ಋಣವೆಂದರೆ ಸಾಲವಲ್ಲ, ಗಣಿತದ ಕಳೆಯುವ ಚಿಹ್ನೆ.

ಧನ ಮರುಊಡಿಕೆಗೆ ನಿದರ್ಶನ ಬಂಡೀಪುರದ ಕಾಡಿನಲ್ಲಿಯೇ ಉಂಟು. ಪರದೇಶದಿಂದ ಬಂದ ಲಂಟಾನದ ಪೊದೆ ನಮ್ಮ ಕಾಡುಗಳ ನೆಲವನ್ನು ಎಷ್ಟು ಆಕ್ರಮಿಸಿದೆಯೆಂಬುದನ್ನು ಆ ದಾರಿಯಲ್ಲಿ ಹೋದವರೆಲ್ಲರೂ ಕಂಡಿದ್ದಾರೆ. ಒಣಗಿದ ಪೊದೆ ಬೆಂಕಿಗೆ ಸೌದೆಯಾಗುತ್ತದೆ; ಬೆಂಕಿ ಮರಗಳ ನೆರಳನ್ನು ತೆಳುವಾಗಿಸುತ್ತದೆ; ಬಿಸಿಲು ಬಿದ್ದ ಕಡೆ ಲಂಟಾನವೇ ಮೊದಲು ಚಿಗುರುತ್ತದೆ; ಮುಂದಿನ ಬೇಸಗೆಗೆ ಇನ್ನೂ ಹೆಚ್ಚು ಸೌದೆ. ಇಂಥದೊಂದು ಚಕ್ರ ನಮ್ಮ ದೇಶದ ಕಾಡುಗಳಲ್ಲಿ ನಡೆಯುತ್ತಿರಬಹುದೆಂದು ಶಾಸ್ತ್ರಜ್ಞರು 2005ರಲ್ಲಿ ಊಹೆಯಾಗಿ ಮಂಡಿಸಿದರು. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಸಾವಿರಾರು ಎಕರೆ ಉರಿದಾಗ ಆ ಊಹೆ ನನಗೆ ನೆನಪಾಯಿತು. ಮೈಕಿನ ಶಿಳ್ಳೆಗೂ ಇದಕ್ಕೂ ಬಾಂಧವ್ಯವುಂಟು: ಎರಡರಲ್ಲಿಯೂ ಫಲವೇ ಕಾರಣವಾಗಿ ಬೆಳೆಯುತ್ತದೆ.

ಇನ್ನು ಋಣ ಮರುಊಡಿಕೆ. ಸಂಗೀತ ಬಲ್ಲವರಿಗೆ ಇದನ್ನು ತಂಬೂರಿಯಿಂದ ವಿವರಿಸುವುದು ಲೇಸು. ಗಾಯಕರು ಷಡ್ಜವನ್ನು ಹಿಡಿದಾಗ ತಮ್ಮ ಕಂಠದ ದನಿಯನ್ನು ತಾವೇ ಕೇಳುತ್ತಾರೆ, ತಂಬೂರಿಯನ್ನೂ ಕೇಳುತ್ತಾರೆ. ದನಿ ಕೂದಲೆಳೆಯಷ್ಟು ಏರಿದ್ದರೆ ಇಳಿಸುತ್ತಾರೆ, ಇಳಿದಿದ್ದರೆ ಏರಿಸುತ್ತಾರೆ. ತಪ್ಪು ಯಾವ ಕಡೆಗೋ ತಿದ್ದುಪಡಿ ಅದರ ಎದುರು ಕಡೆಗೆ. ಇದು ಬೇರೆ ಬೇರೆ ಹೆಜ್ಜೆಗಳಾಗಿ ನಡೆಯುವುದಿಲ್ಲ, ಹಾಡುತ್ತಿರುವಷ್ಟು ಹೊತ್ತೂ ನಡೆದೇ ಇರುತ್ತದೆ. ಯಂತ್ರಕ್ಕೆ ಇಂಥ ಕಿವಿಯೊಂದನ್ನು ಇಡುವುದೇ ನಮ್ಮ ವಿಷಯ.

ಯಂತ್ರಕ್ಕೆ ಕಿವಿಯಿಟ್ಟವನು ಅಮೆರಿಕೆಯ ಹೆರಾಲ್ಡ್ ಬ್ಲಾಕ್. ಅಲ್ಲಿಯ ಟೆಲಿಫೋನಿನವರಿಗೆ ಆಗ ಒಂದು ದೊಡ್ಡ ತೊಡಕು ಇದ್ದಿತು. ಖಂಡದ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಮಾತು ಮುಟ್ಟಬೇಕಾದರೆ ದಾರಿಯುದ್ದಕ್ಕೂ ಹತ್ತಾರು ವರ್ಧಕಗಳು ಬೇಕು. ಒಂದೊಂದು ವರ್ಧಕವೂ ದನಿಗೆ ತನ್ನ ಕಡೆಯಿಂದ ಇಷ್ಟಿಷ್ಟು ವಿಕೃತಿಯನ್ನು ಕೂಡಿಸುತ್ತದೆ. ಮಾತು ಕೊನೆ ಮುಟ್ಟುವ ಹೊತ್ತಿಗೆ ಆಡಿದವನ ಹೆಂಡತಿಗೂ ಗುರುತು ಸಿಕ್ಕುವುದಿಲ್ಲ. ಬ್ಲಾಕ್ ವರ್ಷಗಟ್ಟಲೆ ಇದರ ಬೆನ್ನು ಹತ್ತಿದ್ದ. 1927ರ ಆಗಸ್ಟ್ 2ರ ಬೆಳಿಗ್ಗೆ ಹಡ್ಸನ್ ನದಿಯನ್ನು ದಾಟುವ ದೋಣಿಯಲ್ಲಿ ಕಚೇರಿಗೆ ಹೋಗುತ್ತಿದ್ದಾಗ ಉಪಾಯ ಹೊಳೆಯಿತು. ಕೈಯಲ್ಲಿದ್ದ ವೃತ್ತಪತ್ರಿಕೆಯ ಹಾಳೆಯ ಮೇಲೆಯೇ ಚಿತ್ರವನ್ನೂ ಸಮೀಕರಣವನ್ನೂ ಗೀಚಿಕೊಂಡ. ಆಗ ಅವನಿಗೆ 29 ವರ್ಷ. 1928ರಲ್ಲಿ ಹಾಕಿದ ಅರ್ಜಿಗೆ ಪೇಟೆಂಟು ಬಂದುದು 1937ರ ಡಿಸೆಂಬರಿನಲ್ಲಿ. ಬಹಳ ಕಷ್ಟಪಟ್ಟು ಪಡೆದ ವರ್ಧನೆಯನ್ನು ಕೈಯಾರೆ ಎಸೆಯಬೇಕೆಂಬ ಮಾತು ಆ ಕಾಲದವರಿಗೆ ಹುಚ್ಚಾಗಿ ಕಂಡಿದ್ದರೆ ಆಶ್ಚರ್ಯವೇನೂ ಇಲ್ಲ.

ಎಸೆಯುವುದು ನಿಜ. ಲೆಕ್ಕವನ್ನು ನೋಡಿ. ಒಂದು ವರ್ಧಕ ದನಿಯನ್ನು 1,000 ಪಾಲು ಮಾಡುತ್ತದೆಯೆಂದು ಇಟ್ಟುಕೊಳ್ಳೋಣ. ಹೊರಬಂದುದರಲ್ಲಿ 20ರಲ್ಲಿ ಒಂದು ಪಾಲನ್ನು ತಿರುವುಮಾಡಿ ಒಳಬಾಗಿಲಿಗೆ ತಂದರೆ ವರ್ಧನೆ 1,000ದಿಂದ ಸುಮಾರು 19.6ಕ್ಕೆ ಬಂದು ನಿಲ್ಲುತ್ತದೆ. ಇದು ನಷ್ಟ. ಆದರೆ ಈಗ ವಾಲ್ವುಗಳು ಮುದಿಯಾಗಿ ಮೂಲ ವರ್ಧನೆ ಅರ್ಧಕ್ಕೆ, ಎಂದರೆ 500ಕ್ಕೆ ಇಳಿಯಿತೆನ್ನಿ. ಮರುಊಡಿಕೆಯಿಲ್ಲದ ಯಂತ್ರದಲ್ಲಿ ದನಿ ಅರ್ಧವಾಗುತ್ತಿತ್ತು. ಇಲ್ಲಿ 19.6 ಇದ್ದುದು 19.2 ಆಗುತ್ತದೆ, ನೂರಕ್ಕೆ ಎರಡರಷ್ಟು ವ್ಯತ್ಯಾಸ, ಯಾವ ಕಿವಿಗೂ ತಿಳಿಯದು. ವಿಕೃತಿಯೂ ಸರಿಸುಮಾರು ಅದೇ ಪ್ರಮಾಣದಲ್ಲಿ ತಗ್ಗುತ್ತದೆ. ವಾಲ್ವಿನ ಮೇಲೆ ಬೀಳುತ್ತಿದ್ದ ಭಾರವೆಲ್ಲ ಎರಡು ರೆಸಿಸ್ಟರುಗಳ ಮೇಲೆ ಬೀಳುತ್ತದೆ. ವಾಲ್ವಿಗೆ ಮುಪ್ಪುಂಟು, ರೆಸಿಸ್ಟರಿಗೆ ಬಹಳ ಕಾಲ ಇಲ್ಲ.

ಗುಂಡ್ಲುಪೇಟೆಯ ಕಡೆ ಈ ಗುಣಕ್ಕೆ ಇನ್ನೊಂದು ಬೆಲೆಯುಂಟು. ಕೊಳವೆಬಾವಿಗಳ ಪಂಪುಗಳೆಲ್ಲ ಒಟ್ಟಿಗೆ ನಡೆಯತೊಡಗಿದರೆ ಮನೆಯ ದೀಪಗಳು ಕುಗ್ಗುತ್ತವೆ. ವಾಲ್ವಿನ ಒಳಗಿನ ಕೆಂಡವೂ ಕುಗ್ಗುತ್ತದೆ, ಅದರ ಶಕ್ತಿಯೂ ಕುಗ್ಗುತ್ತದೆ. ಮರುಊಡಿಕೆಯಿದ್ದರೆ ವರ್ಧನೆ ಬಹುಮಟ್ಟಿಗೆ ಹಾಗೆಯೇ ನಿಲ್ಲುತ್ತದೆ. ಆದರೆ ಇಲ್ಲದ ಬಲವನ್ನು ಅದು ಹುಟ್ಟಿಸಲಾರದು. ಒತ್ತಡ ತಗ್ಗಿದಾಗ ಕೊನೆಯ ವಾಲ್ವುಗಳು ಕೊಡಬಹುದಾದ ಗರಿಷ್ಠ ದನಿ ತಗ್ಗಿಯೇ ತಗ್ಗುತ್ತದೆ.

ಈಗ ನಮ್ಮ ಪೆಟ್ಟಿಗೆಗೆ ಬರೋಣ. ಅದರ ಕೊನೆಯ ಟ್ರಾನ್ಸ್‌ಫಾರ್ಮರಿನಿಂದ ಸಣ್ಣದೊಂದು ತಂತಿ ಹಿಂದಕ್ಕೆ ಹೋಗಿ ಮೊದಲಿನ ಹಂತವನ್ನು ಸೇರಿತ್ತು. ಮರುಊಡಿಕೆಯ ದಾರಿ ಅದೇ. ನಾನು ಮೊದಲು ಮಾಡಿದ ಕೆಲಸ ಆ ತಂತಿಯನ್ನು ಬಿಚ್ಚಿದ್ದು. ಬಿಚ್ಚಿ ಗುಂಡಿ ಒತ್ತಿದರೆ ಕೂಗು ಮಾಯ! ಗಿಟಾರು ನುಡಿಯಿತು, ದನಿ ಮಾತ್ರ ಒರಟು, ಜೋರು. ರೋಗ ಗೊತ್ತಾಯಿತು. ಟ್ರಾನ್ಸ್‌ಫಾರ್ಮರನ್ನು ಸುತ್ತಿದವರು ಸುತ್ತಿದುದರಲ್ಲಿ ತಪ್ಪಿರಲಿಲ್ಲ. ಜೋಡಿಸುವಾಗ ಎರಡು ಕೊನೆಯ ವಾಲ್ವುಗಳಿಗೆ ಹೋಗುವ ತಂತಿಗಳು ಅದಲುಬದಲಾಗಿದ್ದುವು. ಅಷ್ಟರಿಂದಲೇ ಹೊರಬರುವ ದನಿ ತಲೆಕೆಳಗಾಗಿ, ಕಳೆಯಬೇಕಾಗಿದ್ದುದು ಕೂಡತೊಡಗಿತ್ತು. ಋಣವು ಧನವಾಗಿ, ಕಾವಲುಗಾರನೇ ಕಳ್ಳನಾದಂತೆ.

ಆ ಎರಡು ತಂತಿಗಳನ್ನು ಮುಟ್ಟುವ ಮುಂಚೆ ಹುಡುಗನ ಕೈಯನ್ನು ನಾನು ಹಿಡಿದು ನಿಲ್ಲಿಸಬೇಕಾಯಿತು. ಇಲ್ಲಿ ಕೇಳುಗರಲ್ಲಿ ಯುವಕರಾದವರಿಗೆ ಒಂದು ಮಾತು. ಇಂಥ ಪೆಟ್ಟಿಗೆಗಳಲ್ಲಿ 300ರಿಂದ 450 ವೋಲ್ಟಿನ ವರೆಗೆ ಒತ್ತಡವಿರುತ್ತದೆ. ಗೋಡೆಯ ಪ್ಲಗ್ಗನ್ನು ಕಿತ್ತರೂ ದೊಡ್ಡ ಕಂಡೆನ್ಸರುಗಳು ಅದನ್ನು ಬಹಳ ಹೊತ್ತು ಹೊಟ್ಟೆಯಲ್ಲಿಟ್ಟುಕೊಂಡಿರಬಲ್ಲುವು. ಜೀವ ತೆಗೆಯುವುದಕ್ಕೆ ಅಷ್ಟು ಸಾಕು. ತಕ್ಕ ರೆಸಿಸ್ಟರಿನ ಮೂಲಕ ಕಂಡೆನ್ಸರುಗಳನ್ನು ಬರಿದುಮಾಡಿ, ಮೀಟರಿನಲ್ಲಿ ಸೊನ್ನೆಯನ್ನು ಕಣ್ಣಾರೆ ನೋಡಿದ ಮೇಲೆಯೇ ಕೈಯಿಡತಕ್ಕದ್ದು. ಬಲ್ಲವರು ಪಕ್ಕದಲ್ಲಿಲ್ಲದಿದ್ದರೆ ತೆರೆಯಲೇ ಕೂಡದು.

ತಂತಿಗಳನ್ನು ಅದಲುಬದಲು ಮಾಡಿದೆವು. ಮರುಊಡಿಕೆಯ ತಂತಿಯನ್ನು ಮತ್ತೆ ಬೆಸೆದೆವು. ಪೆಟ್ಟಿಗೆ ಸುಮ್ಮನಾಯಿತು. ಅಕ್ಕ ಒಳಗಿನಿಂದ ಬಂದು, "ಸದ್ಯ, ಬೀದಿಯವರಿಗೆ ನಿದ್ದೆ ಬಂತು" ಎಂದಳು.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. "ಮಾವ, ಎಕೋ ಪೆಟ್ಟಿಗೆ ಹಾಕಿದರೆ ದನಿ ಮಂಕಾಗುತ್ತದೆ, ಅದು ಮೊದಲಿನಿಂದಲೂ ಇದ್ದ ಕಾಯಿಲೆ" ಎಂದ. ವಿಷಯದ ಸ್ವಾರಸ್ಯವಾದ ಭಾಗ ಇರುವುದು ಇಲ್ಲಿಯೇ.

ಗಿಟಾರಿನವರು ತಮ್ಮ ವರ್ಧಕದ ಮೊದಲ ಹಂತಗಳಲ್ಲಿ ಬೇಕೆಂದೇ ದನಿಯನ್ನು ಒರಟುಮಾಡಿಕೊಳ್ಳುತ್ತಾರೆ. ಅದು ಅವರ ಶೈಲಿ. ಪ್ರತಿಧ್ವನಿಯನ್ನು ಕೊಡುವ ಉಪಕರಣವನ್ನು ಆ ಹಂತಗಳಿಗೆ ಮುಂಚೆ ಇಟ್ಟರೆ, ಪ್ರತಿಧ್ವನಿಯೂ ಒರಟಾಗಿ, ನುಡಿಸಿದ ಸ್ವರವೂ ಹಿಂದಿನ ಸ್ವರದ ನೆರಳೂ ಕಲಸಿ ರಾಡಿಯಾಗುತ್ತದೆ. ಆದುದರಿಂದ ಮೊದಲ ಹಂತಗಳು ಮುಗಿದು ಕೊನೆಯ ಹಂತ ಮೊದಲಾಗುವ ಸಂಧಿಯಲ್ಲಿ ಒಂದು ಬಾಗಿಲನ್ನು ತೆರೆಯುತ್ತಾರೆ. ಸೆಂಡ್ ಎಂಬ ರಂಧ್ರದಿಂದ ದನಿ ಹೊರಗೆ ಹೋಗಿ ಉಪಕರಣವನ್ನು ಸುತ್ತಿ ರಿಟರ್ನ್ ಎಂಬ ರಂಧ್ರದಿಂದ ಮನೆಗೆ ಬರುತ್ತದೆ. ಇದೇ ಎಫೆಕ್ಟ್ಸ್ ಲೂಪ್. ಮಗಳನ್ನು ನೆಂಟರ ಮನೆಗೆ ಕಳುಹಿಸಿ ಕರೆಸಿಕೊಂಡಂತೆ. ಹೋದ ಮಗಳು ಸೊರಗದೆ ಬರಬೇಕೆಂಬುದೊಂದೇ ಚಿಂತೆ.

ಸೊರಗುವುದೇಕೆ? ನಮ್ಮ ಪೆಟ್ಟಿಗೆಯಲ್ಲಿದ್ದುದು ಇ.ಸಿ.ಸಿ. 83 ಎಂಬ ವಾಲ್ವು. ಒಂದೇ ಬುರುಡೆಯಲ್ಲಿ ಎರಡು ವಾಲ್ವುಗಳನ್ನು ಅಡಕಮಾಡಿರುವ ಜಾತಿ. ಕೆಂಪಗೆ ಕಾದ ಕ್ಯಾಥೋಡಿನಿಂದ ವಿದ್ಯುತ್ಕಣಗಳು ಹೊರಟು ಆಚೆಯ ತಟ್ಟೆಗೆ ಓಡುತ್ತವೆ. ನಡುವೆ ಒಂದು ಜಾಲರಿ. ಜಾಲರಿಯ ಮೇಲಿನ ಅಲ್ಪ ಏರಿಳಿತ ತಟ್ಟೆಯ ಮೇಲೆ ದೊಡ್ಡ ಏರಿಳಿತವಾಗುತ್ತದೆ, ಅದೂ ತಲೆಕೆಳಗಾಗಿ. ಆದರೆ ತಟ್ಟೆಯಿಂದ ಹೊರಟ ಈ ದನಿಗೆ ಗಾತ್ರವಿದೆಯೇ ಹೊರತು ಕಸುವಿಲ್ಲ. ಅದರ ಹಿಂದೆ ಸುಮಾರು 40,000 ಓಮಿನಷ್ಟು ಒಳತಡೆ ಕುಳಿತಿರುತ್ತದೆ. ವೇದಿಕೆಯ ಮೇಲೆ ಉಪಕರಣದ ವರೆಗೆ ಹತ್ತು ಮೀಟರು ತಂತಿಯನ್ನು ಹಾಸಿದರೆ, ಆ ತಂತಿಯೇ ಒಂದು ಸಣ್ಣ ಕಂಡೆನ್ಸರಿನಂತೆ ವರ್ತಿಸಿ, ಸೆಕೆಂಡಿಗೆ ಸುಮಾರು 4,000 ಕಂಪನಗಳಿಂದ ಮೇಲಿನ ಸ್ವರಾಂಶಗಳನ್ನೆಲ್ಲ ನುಂಗತೊಡಗುತ್ತದೆ. ಮಂಕುತನಕ್ಕೆ ಕಾರಣ ಇದೇ. ಅದಲ್ಲದೆ ಹತ್ತಾರು ವೋಲ್ಟುಗಳ ಈ ದನಿ, 9 ವೋಲ್ಟಿನ ಬ್ಯಾಟರಿಯಿಂದ ನಡೆಯುವ ಉಪಕರಣಕ್ಕೆ ನೇರವಾಗಿ ಹೋದರೆ ಅದರ ಪಾಲಿಗೆ ಪ್ರವಾಹವೇ.

ಮದ್ದು ಋಣ ಮರುಊಡಿಕೆಯೇ. ವಾಲ್ವಿನ ದನಿಯನ್ನು ತಟ್ಟೆಯಿಂದ ತೆಗೆಯುವ ಬದಲು ಕ್ಯಾಥೋಡಿನಿಂದ ತೆಗೆಯಬೇಕು. ಜಾಲರಿ ಏರಿದಂತೆ ಕ್ಯಾಥೋಡೂ ಅದರ ಬೆನ್ನಿಗೇ ಏರುತ್ತದೆ. ವಾಲ್ವಿಗೆ ಕಾಣುವುದು ಇವೆರಡರ ನಡುವಣ ಅಲ್ಪ ಅಂತರ ಮಾತ್ರ. ಹೊರಬಂದುದೆಲ್ಲವೂ, ಪೂರ್ತಿ ನೂರಕ್ಕೆ ನೂರು, ಒಳಗಿನಿಂದ ಕಳೆದುಹೋಗುತ್ತದೆ. ವರ್ಧನೆ ಒಂದಕ್ಕಿಂತ ತುಸು ಕಡಮೆ. ಹಾಗಾದರೆ ಏನು ಲಾಭವೆಂದು ಕೇಳಬಹುದು. ಒಳತಡೆ 40,000 ಓಮಿನಿಂದ ಸುಮಾರು 600 ಓಮಿಗೆ ಇಳಿಯುತ್ತದೆ. ಈಗ ಅದೇ ಹತ್ತು ಮೀಟರು ತಂತಿ ಮಾನವನ ಕಿವಿಗೆ ಎಟುಕುವ ಯಾವ ಸ್ವರವನ್ನೂ ಕದಿಯಲಾರದು. ಇದನ್ನು ಕ್ಯಾಥೋಡ್ ಫಾಲೋಯರ್ ಎನ್ನುತ್ತಾರೆ, ಕ್ಯಾಥೋಡು ಜಾಲರಿಯನ್ನು ಹಿಂಬಾಲಿಸುವುದರಿಂದ. ಅದರ ಮುಂದೆ ಎರಡು ರೆಸಿಸ್ಟರುಗಳಿಂದ ದನಿಯ ಗಾತ್ರವನ್ನು ಉಪಕರಣಕ್ಕೆ ತಕ್ಕಷ್ಟು ತಗ್ಗಿಸಿಕೊಂಡರಾಯಿತು. ಅವನ್ನು ಕಡಮೆ ಬೆಲೆಯ ಓಮುಗಳಲ್ಲಿ ಆರಿಸಿಕೊಳ್ಳಬೇಕು, ಇಲ್ಲವಾದರೆ ಗಳಿಸಿದುದು ಅಲ್ಲಿಯೇ ಸೋರಿಹೋಗುತ್ತದೆ.

ತಗ್ಗಿಸಿ ಕಳುಹಿಸಿದುದನ್ನು ಹಿಂದಿರುಗಿದ ಮೇಲೆ ಏರಿಸಬೇಕಷ್ಟೆ. ಅಲ್ಲಿ ಬುರುಡೆಯ ಇನ್ನೊಂದು ವಾಲ್ವು ಕೆಲಸಕ್ಕೆ ಬರುತ್ತದೆ. ಅದರ ತಟ್ಟೆಯಿಂದ ಜಾಲರಿಗೆ ಒಂದು ರೆಸಿಸ್ಟರನ್ನೂ, ಏಕಪ್ರವಾಹವನ್ನು ತಡೆಯಲು ಒಂದು ಕಂಡೆನ್ಸರನ್ನೂ ಜೋಡಿಸಿದರೆ, ತಟ್ಟೆಯ ದನಿ ಮೊದಲೇ ತಲೆಕೆಳಗಾಗಿರುವುದರಿಂದ ಋಣ ಮರುಊಡಿಕೆ ತಾನಾಗಿ ಸಿದ್ಧಿಸುತ್ತದೆ. ಒಳಬರುವ ದಾರಿಯ ರೆಸಿಸ್ಟರಿಗಿಂತ ಇದು ಹತ್ತು ಪಾಲಿದ್ದರೆ ವರ್ಧನೆ ಹತ್ತಾಗಬೇಕೆಂದು ಪುಸ್ತಕ ಹೇಳುತ್ತದೆ. ಆದರೆ ಪುಸ್ತಕದ ಮಾತು ಅಪಾರ ವರ್ಧನೆಯುಳ್ಳ ಯಂತ್ರಕ್ಕೆ; ನಮ್ಮ ಒಂಟಿ ವಾಲ್ವಿನದು ಸುಮಾರು 60. ಲೆಕ್ಕ ಹಾಕಿದರೆ ಸಿಕ್ಕುವುದು ಎಂಟೂವರೆಗೆ ತುಸು ಕಡಮೆ. ವಾಲ್ವು ಸೋತು 60 ಹೋಗಿ 40 ಆದರೂ ಎಂಟಕ್ಕೆ ಹತ್ತಿರ ನಿಲ್ಲುತ್ತದೆ. ಮೂರರಲ್ಲಿ ಒಂದು ಪಾಲು ಕುಸಿಯಬೇಕಾದುದು ನೂರಕ್ಕೆ ಏಳರಲ್ಲಿ ಮುಗಿಯಿತು. ಒಂದು ವಾಲ್ವಿನಿಂದ ಇದಕ್ಕಿಂತ ಹೆಚ್ಚನ್ನು ಬಯಸುವುದು ಅತ್ಯಾಸೆ.

ಇಲ್ಲಿ ಹುಡುಗ ಒಂದು ಜಾಣ ಪ್ರಶ್ನೆ ಕೇಳಿದ. ಟ್ರಾನ್ಸ್‌ಫಾರ್ಮರಿನಿಂದ ಹಿಂದಕ್ಕೆ ಬರುವ ದೊಡ್ಡ ಮರುಊಡಿಕೆ ಹೇಗೂ ಇದೆಯಲ್ಲ, ಎಕೋ ಪೆಟ್ಟಿಗೆಯನ್ನೂ ಅದರ ಸುತ್ತಿನೊಳಗೇ ಇಟ್ಟುಬಿಟ್ಟರೆ ಅದರ ತಪ್ಪುಗಳೂ ತಿದ್ದಿಹೋಗುವುದಿಲ್ಲವೆ?

ಹೋಗುವುದಿಲ್ಲ. ಋಣ ಮರುಊಡಿಕೆಯ ಪ್ರಾಣವಿರುವುದು ಸಮಯದಲ್ಲಿ. ಬಿಸಿನೀರನ್ನೂ ತಣ್ಣೀರನ್ನೂ ಬೆರಸಿ ಕೊಡುವ ನಲ್ಲಿಯ ಕೆಳಗೆ ನಿಂತವರಿಗೆ ಇದರ ಅನುಭವವುಂಟು. ತಣ್ಣಗಿದೆಯೆಂದು ತಿರುಗಿಸುತ್ತೀರಿ, ಬಿಸಿನೀರು ಕೊಳವೆಯಲ್ಲಿ ಬರುವುದು ತಡವಾಗುತ್ತದೆ, ಸಾಲದೆಂದು ಇನ್ನಷ್ಟು ತಿರುಗಿಸುತ್ತೀರಿ, ಆಮೇಲೆ ಕೈ ಸುಡುತ್ತದೆ, ಗಾಬರಿಯಿಂದ ಆ ಕಡೆಗೆ ತಿರುಗಿಸಿದರೆ ಮತ್ತೆ ಚಳಿ. ತಿದ್ದುಪಡಿ ತಡವಾಗಿ ಬಂದರೆ ಅದೇ ಹೊಸ ತಪ್ಪಾಗುತ್ತದೆ. ಏರುವ ಅಲೆಯನ್ನು ಕಳೆಯಲು ಹೊರಟ ಅಂಶ ಅರ್ಧ ಕಂಪನದಷ್ಟು ತಡವಾದರೆ ಇಳಿಯುವ ಅಲೆಯ ಜೊತೆ ಸೇರಿ ಕೂಡುತ್ತದೆ. ಯಾವ ಯಾವ ಸಂದರ್ಭದಲ್ಲಿ ಹೀಗಾಗುವುದೆಂಬುದನ್ನು ಹ್ಯಾರಿ ನೈಕ್ವಿಸ್ಟ್ 1932ರಲ್ಲಿ ಗಣಿತದಿಂದ ತೋರಿಸಿದ. ಒಳ್ಳೆಯ ಟ್ರಾನ್ಸ್‌ಫಾರ್ಮರು ಮಾಡುವ ಅಲ್ಪ ವಿಳಂಬವೇ ತೊಂದರೆ ಕೊಡುವುದುಂಟು. 1947ರಲ್ಲಿ ವಿಲಿಯಮ್ಸನ್ನನ ಪ್ರಸಿದ್ಧ ವರ್ಧಕ ಇಂಗ್ಲೆಂಡಿನ ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ ಪ್ರಕಟವಾದಾಗ ಅದರಲ್ಲಿ ಟ್ರಾನ್ಸ್‌ಫಾರ್ಮರಿಗೇ ಅತ್ಯಂತ ಬಿಗಿಯಾದ ನಿಯಮಗಳಿದ್ದುವು. ಹೀಗಿರುವಾಗ, ವಿಳಂಬವನ್ನು ಉಂಟುಮಾಡುವುದೇ ಕಸುಬಾಗಿರುವ ಎಕೋ ಪೆಟ್ಟಿಗೆಯನ್ನು ಆ ಸುತ್ತಿನೊಳಗೆ ಇಟ್ಟರೆ ಮೊದಲಿನ ಕೂಗೇ ಗತಿ. ಲೂಪಿನಿಂದ ಹಿಂದಿರುಗಿದ ದನಿ ದೊಡ್ಡ ಮರುಊಡಿಕೆಯ ಸುತ್ತಿಗೆ ಹೊರಗೆ, ಅದಕ್ಕೆ ಮುಂಚೆಯೇ, ಸೇರತಕ್ಕದ್ದು. ಒಂದೊಂದು ಕೋಣೆಗೂ ಅದರದೇ ತಿದ್ದುಪಡಿ.

ಕೊನೆಯ ಹಂತದಲ್ಲಿ ಎಷ್ಟು ಮರುಊಡಿಕೆ ಬೇಕೆಂಬುದು ಮಾತ್ರ ಶಾಸ್ತ್ರದಿಂದ ತೀರ್ಮಾನವಾಗುವ ಸಂಗತಿಯಲ್ಲ. ಹೆಚ್ಚು ಮರುಊಡಿಕೆಯುಳ್ಳ ವರ್ಧಕ ತನ್ನ ಮಿತಿಯ ವರೆಗೂ ಶುದ್ಧವಾಗಿದ್ದು, ಮಿತಿ ಮೀರಿದ ಕೂಡಲೆ ಥಟ್ಟನೆ ಕತ್ತರಿಸಿದಂತೆ ಒಡೆಯುತ್ತದೆ; ಇಲ್ಲದುದು ಮೆಲ್ಲಮೆಲ್ಲನೆ ಕೆರಳುತ್ತದೆ. ಇಂಗ್ಲೆಂಡಿನ ವಾಕ್ಸ್ ಕಂಪೆನಿಯ ಎ.ಸಿ. 30 ಎಂಬ ಹೆಸರಾಂತ ವರ್ಧಕದ ಕೊನೆಯ ಹಂತಕ್ಕೆ ಮರುಊಡಿಕೆಯೇ ಇಲ್ಲ. ಫೆಂಡರ್, ಮಾರ್ಷಲ್ ಮುಂತಾದವರ ಅನೇಕ ವರ್ಧಕಗಳಲ್ಲಿ ಅದುಂಟು. ಅವುಗಳ ಪ್ರೆಸೆನ್ಸ್ ಎಂಬ ತಿರುಪು, ಹಿಂದಿರುಗುವ ದನಿಯಿಂದ ತಾರಸ್ವರಗಳನ್ನಷ್ಟೇ ಸೋಸಿ, ಆ ಸ್ವರಗಳು ಹೊರಗೆ ಮಿಂಚುವಂತೆ ಮಾಡುತ್ತದೆ. ರೇಡಿಯೋ ನಿಲಯಕ್ಕಾದರೆ ನಾನು ಹೆಚ್ಚು ಮರುಊಡಿಕೆಯನ್ನೇ ಕೇಳುತ್ತೇನೆ. ಗಿಟಾರಿನ ಕೊನೆಯ ಹಂತಕ್ಕೆ ಸ್ವಲ್ಪವೇ ಸಾಕು. ಲೂಪಿನಲ್ಲಿ ಮಾತ್ರ ಧಾರಾಳವಾಗಿರಲಿ, ಅಲ್ಲಿ ಯಾರಿಗೂ ಒರಟುತನ ಬೇಕಾಗಿಲ್ಲ.

ದನಿಯನ್ನು ದೊಡ್ಡದು ಮಾಡುವ ಹಂಬಲ ನಮ್ಮ ನಾಡಿನಲ್ಲಿ ವಿದ್ಯುತ್ತಿಗಿಂತ ಹಳೆಯದು. ಪಿಟೀಲು ಚೌಡಯ್ಯನವರು ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಲೆಂದು ಏಳು ತಂತಿಯ ಪಿಟೀಲನ್ನು ಮಾಡಿಸಿಕೊಂಡವರು. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಕೇವಲ 30 ವ್ಯಾಟಿನ ಪ್ರೇಷಕದಿಂದ ಆಕಾಶವಾಣಿಯನ್ನು ಮೊದಲುಮಾಡಿದರು. ಇಂದು ಹುಡುಗರು ಬೆನ್ನ ಮೇಲೆ ಹೊತ್ತು ತರುವ ಗಿಟಾರು ವರ್ಧಕವೂ ಅಷ್ಟೇ ಬಲದ್ದಾಗಿರುವುದುಂಟು. ಬಂಡೀಪುರದ ಬೆಟ್ಟದ ದೇವರದೂ ಆ ಪ್ರೊಫೆಸರರದೂ ಒಂದೇ ಹೆಸರಾದುದು ಆಕಸ್ಮಿಕ. ಆದರೆ ಗುಂಡ್ಲುಪೇಟೆಯಲ್ಲಿ ಕುಳಿತು ವಾಲ್ವು ತಿದ್ದುವವನಿಗೆ ನೆನಪಾಗದೆ ಇರದು.

ಲೂಪಿಗೆ ಬೇಕಾದ ವಾಲ್ವು ನನ್ನ ಬಳಿಯೇ ಇತ್ತು. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ 1961ರಿಂದ ರೇಡಿಯೋ ವಾಲ್ವುಗಳು ತಯಾರಾಗುತ್ತಿದ್ದುವು. ಅಲ್ಲಿಯ ಒಂದೆರಡು ಬುರುಡೆಗಳನ್ನು ನಾನು ಹತ್ತಿಯಲ್ಲಿ ಸುತ್ತಿ ಇಟ್ಟುಕೊಂಡಿದ್ದೆ. ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಕೊನೆಯ ಬೆಸುಗೆ ಮುಗಿಯಿತು. ಹುಡುಗ ತಂತಿ ಮೀಟಿದ. ಎಕೋ ಪೆಟ್ಟಿಗೆಗೆ ಹೋದ ಸ್ವರ ಹೋದಷ್ಟೇ ಹೊಳಪಿನಿಂದ ಹಿಂದಿರುಗಿತು. ನಡುವೆ ಹೊರಗೆಲ್ಲೋ ಪಂಪುಗಳು ಹೊರಟು ದೀಪ ಒಂದು ಸಲ ಕುಗ್ಗಿತು. ಅವನು ನುಡಿಸುತ್ತಲೇ ಇದ್ದ, ದೀಪದ ಕಡೆಗೆ ನೋಡಲೂ ಇಲ್ಲ.

ಮರುದಿನ ಮಧ್ಯಾಹ್ನ ಊಟ ಮುಗಿಸಿ, ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿಕೊಂಡು, ಕಾಡಿನ ದಾರಿ ಹಿಡಿದ.